ಮಗುವಿನ ಗುಲ್ಮ, ತಾತನ ಕೈನಡುಕ

ಹೋದ ತಿಂಗಳು ನಮ್ಮ ಬಡಾವಣೆಯ ಹಿರಿಯರ ಬಳಗದಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಬರ್ದಿದ್ದೀನಿ, ಹೆಚ್ಚುಕಮ್ಮಿ ಮಾತಾಡಿದ ಹಾಗೇ ಇದೆ, ಅವತ್ತು ಬಾಯಿಗೆ ಬರದೇ ಇದ್ದ ಇಸವಿ ಲೆಕ್ಕ ಮಾತ್ರ ಆಮೇಲೆ ಸೇರಿಸಿದ್ದೀನಿ.

ಎಲ್ರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಆಸ್ಪತ್ರೆ ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿ 26 ವರ್ಷ ಕೆಲಸ ಮಾಡಿದೋಳು, ರಕ್ತ, ಮಜ್ಜೆ ಇವುಗಳ ಸ್ಲೈಡ್ ಮಾಡೋದು, ಸ್ಟೇನ್ ಹಾಕೋದು, ಮೈಕ್ರೋಸ್ಕೋಪಲ್ಲಿ ನೋಡಿ ಅನುಮಾನ ಇರೋದನ್ನ ಮೇಡಂ ಟೇಬಲ್ಲಿಗೆ ಇಡೋದು ಇದೇ ನನ್ನ ಕೆಲಸ. ಮನೇಲಿ ನಮ್ಮಪ್ಪನಿಗೆ ಪಾರ್ಕಿನ್ಸನ್, ಹನ್ನೊಂದು ವರ್ಷ ಆಯ್ತು. ಇವತ್ತು ನಾನು ಹೇಳೋಕೆ ಹೊರಟಿರೋದು ಎರಡು ಕಾಯಿಲೆ ಕಥೆ, ಒಂದು ಸಾವಿರಾರು ಜನರಲ್ಲೂ ಒಬ್ಬರಿಗೆ ಸಿಗೋದು ಕಷ್ಟ, ಇನ್ನೊಂದು ಈ ಹಾಲಲ್ಲೇ ಯಾರ ಮನೇಲಾದ್ರೂ ಇದ್ದೇ ಇರುತ್ತೆ. ಇವೆರಡಕ್ಕೂ ಸಂಬಂಧ ಇದೆ ಅಂತ ಪ್ರಪಂಚಕ್ಕೆ ಗೊತ್ತಾಗೋಕೆ ನೂರು ವರ್ಷಕ್ಕೂ ಜಾಸ್ತಿ ಹಿಡೀತು. ಯಾಕೆ ಅಷ್ಟು ತಡ ಆಯ್ತು ಅನ್ನೋದೇ ನನ್ನ ಮನಸ್ಸಲ್ಲಿ ಕೊರೀತಾ ಇರೋ ವಿಷ್ಯ.

2001ನೇ ಇಸವಿ ಅಂತ ನೆನಪು. ಐದು ವರ್ಷದ ಹುಡುಗ, ಹೊಟ್ಟೆ ಗುಡಾಣದ ಹಾಗೆ ಊದಿತ್ತು, ಕೈಕಾಲು ಕಡ್ಡಿ. ಗುಲ್ಮ, ಅಂದ್ರೆ ಸ್ಪ್ಲೀನ್, ಎಷ್ಟು ದೊಡ್ಡದಾಗಿತ್ತು ಅಂದ್ರೆ ಹೊಕ್ಕಳು ದಾಟಿ ಕೆಳಗೆ ಬಂದಿತ್ತು, ಪ್ಲೇಟ್‌ಲೆಟ್ ಕಮ್ಮಿ, ಮೂಗಲ್ಲಿ ಆಗಾಗ ರಕ್ತ. ಬ್ಲಡ್ ಕ್ಯಾನ್ಸರ್ ಇರಬಹುದಾ ಅಂತ ಮಜ್ಜೆ ತೆಗೆದು ಕಳಿಸಿದ್ರು. ನಾನು ಲೀಶ್‌ಮನ್ ಸ್ಟೇನ್ ಹಾಕಿ, ಒಣಗಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ದೊಡ್ಡ ಲೆನ್ಸ್ ಇಳಿಸಿ ನೋಡ್ತೀನಿ, ಕ್ಯಾನ್ಸರ್ ಕೋಶ ಒಂದೂ ಇಲ್ಲ, ಅದರ ಬದಲು ದೊಡ್ಡ ದೊಡ್ಡ ಜೀವಕೋಶಗಳು, ಒಳಗೆಲ್ಲ ಸುಕ್ಕು ಸುಕ್ಕು, ಟಿಶ್ಯೂ ಪೇಪರನ್ನ ಮುಷ್ಟೀಲಿ ಮುದುಡಿ ಮತ್ತೆ ಬಿಚ್ಚಿದ್ರೆ ಹೇಗಿರುತ್ತೆ ಹಾಗೆ. ಪುಸ್ತಕದಲ್ಲಿ ಫೋಟೋ ನೋಡಿದ್ದೆ, ಕಣ್ಣಲ್ಲಿ ಕಂಡಿದ್ದು ಅದೇ ಮೊದಲು. ಓಡಿ ಹೋಗಿ ಮೇಡಂನ ಕರ್ಕೊಂಡು ಬಂದೆ. ಅವರು ಐಪೀಸಲ್ಲಿ ಕಣ್ಣಿಟ್ಟು ತುಂಬಾ ಹೊತ್ತು ಸುಮ್ನಿದ್ರು, ಆಮೇಲೆ "ಗೋಷೆ ಕಣಮ್ಮ" ಅಂದ್ರು.

ಗೋಷೆ ಕಾಯಿಲೆ. ಸ್ಪೆಲಿಂಗ್ ನೋಡಿ ನಮ್ಮಲ್ಲಿ ತುಂಬಾ ಜನ ಗೌಚರ್ ಅಂತಾರೆ, ಎರಡೂ ಒಂದೇ. ಫಿಲಿಪ್ ಗೋಷೆ ಅಂತ ಫ್ರಾನ್ಸಿನ ಡಾಕ್ಟರು, 1882ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ್ಲೇ ತಮ್ಮ ಥೀಸಿಸಲ್ಲಿ 32 ವರ್ಷದ ಒಬ್ಬ ಹೆಂಗಸಿನ ಗುಲ್ಮದ ಬಗ್ಗೆ ಬರೆದ್ರು. ಅದನ್ನ ಗುಲ್ಮದ ಗೆಡ್ಡೆ ಅಂದ್ಕೊಂಡಿದ್ರು ಅವರು. ನಿಜವಾಗ್ಲೂ ಏನು ತೊಂದರೆ ಅಂತ ಗೊತ್ತಾಗಿದ್ದು 1960ರ ದಶಕದಲ್ಲಿ, ಅಮೆರಿಕದ ಎನ್‌ಐಎಚ್ ಅನ್ನೋ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೇಲಿ ರಾಸ್ಕೋ ಬ್ರೇಡಿ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಯವರು ಕಂಡುಹಿಡಿದ ಮೇಲೆ: ಈ ರೋಗಿಗಳಲ್ಲಿ ಒಂದು ಎನ್‌ಜೈಮ್ ಸರಿಯಾಗಿ ಕೆಲಸ ಮಾಡ್ತಿಲ್ಲ.

ಇದನ್ನ ಹಳ್ಳಿ ಮಾತಲ್ಲಿ ಹೇಳ್ತೀನಿ, ನಮ್ಮೂರ ಹಿತ್ತಲ ತಿಪ್ಪೆ ನೆನಪು ಮಾಡ್ಕೊಳ್ಳಿ. ಕೊಟ್ಟಿಗೆ ಸಗಣಿ, ಒಲೆ ಬೂದಿ, ಎಲೆ ಕಸ ಎಲ್ಲ ಹೋಗಿ ತಿಪ್ಪೆಗೆ ಬೀಳುತ್ತೆ, ಅದು ಕೊಳೆತು ಗೊಬ್ಬರ ಆಗಿ ಮತ್ತೆ ಹೊಲಕ್ಕೆ ಹೋಗುತ್ತೆ. ನಮ್ಮ ಒಂದೊಂದು ಜೀವಕೋಶದ ಒಳಗೂ ಇಂಥ ಪುಟ್ಟ ಪುಟ್ಟ ತಿಪ್ಪೆಗಳಿವೆ, ಲೈಸೋಸೋಮ್ ಅಂತ ಹೆಸರು, 1955ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ ಅನ್ನೋರು ಅವನ್ನ ಗುರುತಿಸಿ ಆಮೇಲೆ ನೊಬೆಲ್ ತಗೊಂಡ್ರು. ಹಳೇ ರಕ್ತಕಣದ ಗೋಡೆ ಚೂರು, ಸವೆದುಹೋದ ಪ್ರೋಟೀನು ಎಲ್ಲ ಅಲ್ಲಿ ಕರಗಿ ಮರುಬಳಕೆ ಆಗುತ್ತೆ. ಕರಗಿಸೋಕೆ ಒಂದೊಂದು ಥರ ಕಸಕ್ಕೆ ಒಂದೊಂದು ಎನ್‌ಜೈಮ್. ಅದರಲ್ಲಿ ಒಂದು ಥರ ಕೊಬ್ಬನ್ನ ಕರಗಿಸೋ ಎನ್‌ಜೈಮಿನ ಹೆಸರು ಗ್ಲೂಕೋಸೆರೆಬ್ರೋಸಿಡೇಸ್. ಹೆಸರು ಮರೆತ್ರೂ ಪರ್ವಾಗಿಲ್ಲ, ಅದನ್ನ ತಯಾರು ಮಾಡೋಕೆ ಸೂಚನೆ ಕೊಡೋ ಜೀನ್ ಹೆಸರು ಮಾತ್ರ ನೆನಪಿಟ್ಕೊಳ್ಳಿ, ಜಿಬಿಎ1, ನಮ್ಮ ಒಂದನೇ ಕ್ರೋಮೋಸೋಮ್ ಮೇಲಿದೆ. ಆ ಜೀನ್ ಕೆಟ್ಟರೆ ಎನ್‌ಜೈಮ್ ಕೈಕೊಡುತ್ತೆ, ಆ ಕೊಬ್ಬು ಕರಗದೆ ತಿಪ್ಪೇಲಿ ಪ್ಲಾಸ್ಟಿಕ್ ಬಿದ್ದ ಹಾಗೆ ಹಾಗೇ ಉಳ್ಕೊಳ್ಳುತ್ತೆ, ಗುಲ್ಮ, ಲಿವರ್, ಮೂಳೆ ಮಜ್ಜೆ ಎಲ್ಲಾ ಕಡೆ ತುಂಬ್ಕೊಳ್ಳುತ್ತೆ. ನಾನು ಸ್ಲೈಡಲ್ಲಿ ನೋಡಿದ ಸುಕ್ಕು ಅದೇ.

ಈ ಕಾಯಿಲೆ ಬರಬೇಕು ಅಂದ್ರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಪ್ರತಿ ಕೆಟ್ಟಿರಬೇಕು. ಒಂದೇ ಪ್ರತಿ ಕೆಟ್ಟಿದ್ರೆ ಅವರನ್ನ ಕ್ಯಾರಿಯರ್ ಅಂತಾರೆ, ವಾಹಕರು. ಇಬ್ಬರು ವಾಹಕರು ಮದುವೆ ಆದ್ರೆ ಪ್ರತಿ ಬಸುರಲ್ಲೂ ಮಗುವಿಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ರಾಜ್ಯದಲ್ಲಿ ಸೋದರಮಾವನ್ನೋ ಅತ್ತೆ ಮಗನ್ನೋ ಮದುವೆ ಆಗೋದು ಇವತ್ತಿಗೂ ಇದೆ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದ ಲೆಕ್ಕ ಸುಮಾರು 27 ಪರ್ಸೆಂಟ್ ಬಂದಿತ್ತು, ಅಂದ್ರೆ ನಾಲ್ಕು ಮದುವೇಲಿ ಒಂದಕ್ಕಿಂತ ಜಾಸ್ತಿ ರಕ್ತಸಂಬಂಧದೊಳಗೇ. ಒಂದೇ ಮನೆತನದ ಕೆಟ್ಟ ಪ್ರತಿ ಎರಡು ಕಡೆಯಿಂದ ಬಂದು ಕೂಡೋಕೆ ಇದು ದಾರಿ. ಆ ಹುಡುಗನ ಅಪ್ಪ ಅಮ್ಮನೂ ಹಾಗೇ, ಅಕ್ಕನ ಮಗಳನ್ನ ಮದುವೆ ಆಗಿದ್ದೋರು.

ವಾಹಕರಿಗೆ ಏನಾಗುತ್ತೆ? ಏನೂ ಆಗಲ್ಲ. ನಮಗೆ ಪಾಠದಲ್ಲಿ ಹೇಳ್ಕೊಟ್ಟಿದ್ದು ಅದು, ಪುಸ್ತಕದಲ್ಲಿದ್ದಿದ್ದೂ ಅದೇ, ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೂ ಅದಕ್ಕೇ.

ಈಗ ಆ ದಿನದ ಇನ್ನೊಂದು ವಿಷ್ಯ ಹೇಳ್ಬೇಕು. ರಿಪೋರ್ಟ್ ತಗೊಳ್ಳೋಕೆ ಹುಡುಗನ ಜೊತೆ ಬಂದಿದ್ದು ಅವನ ತಾತ. ಲ್ಯಾಬ್ ಹೊರಗೆ ಮರದ ಬೆಂಚಿತ್ತು, ಅದರ ಮೇಲೆ ಕೂತಿದ್ರು, ಮಗು ತೊಡೆ ಮೇಲೆ ತಲೆ ಇಟ್ಟು ಮಲಗಿತ್ತು. ಅವರ ಬಲಗೈ ಮೊಣಕಾಲ ಮೇಲಿತ್ತು, ಹೆಬ್ಬೆಟ್ಟು ತೋರುಬೆರಳಿಗೆ ಉಜ್ಜಿ ಉಜ್ಜಿ ಆಡ್ತಾನೇ ಇತ್ತು, ಒಂದು ಕ್ಷಣನೂ ನಿಲ್ತಿರ್ಲಿಲ್ಲ. ನಾನು ಜಪ ಮಾಡ್ತಿದ್ದಾರೆ ಅಂದ್ಕೊಂಡೆ. ಮೊಮ್ಮಗನಿಗೋಸ್ಕರ ಮಣಿ ಎಣಿಸ್ತಿದ್ದಾರೆ, ಮಾಲೆ ಶಲ್ಯದೊಳಗಿದೆ ಅಂತ. ರಿಪೋರ್ಟ್ ಕೊಡೋಕೆ ಹತ್ರ ಹೋದಾಗ ಕೈ ನೀಡಿದ್ರು, ನೀಡಿದ ತಕ್ಷಣ ಬೆರಳು ನಿಂತುಹೋಯ್ತು. ಕೈಯಲ್ಲಿ ಮಾಲೆ ಇರ್ಲಿಲ್ಲ. ಮುಖ ಕಲ್ಲಲ್ಲಿ ಕೆತ್ತಿದ ಹಾಗಿತ್ತು, ಭಾವನೇನೇ ಇಲ್ಲ, ದುಃಖಕ್ಕೆ ಹಾಗಾಗಿದ್ದಾರೆ ಅನ್ಕೊಂಡೆ. ಅಷ್ಟೇ, ನಾನು ಒಳಗೆ ಬಂದು ಮುಂದಿನ ಸ್ಲೈಡ್ ತಗೊಂಡೆ.

ಎಷ್ಟೋ ವರ್ಷ ಆದ್ಮೇಲೆ ನಮ್ಮಪ್ಪ ಟಿವಿ ನೋಡ್ತಾ ಕೂತಿದ್ದಾಗ ಅದೇ ಬೆರಳಾಟ ನೋಡ್ದೆ. ಸುಮ್ನಿದ್ದಾಗ ಬರೋದು, ಕೆಲಸಕ್ಕೆ ಕೈ ಚಾಚಿದ್ರೆ ಕಮ್ಮಿ ಆಗೋದು, ಮುಖದ ಗೆಲುವು ಹೋಗೋದು, ಇವೆಲ್ಲ ಪಾರ್ಕಿನ್ಸನ್ ಲಕ್ಷಣ ಅಂತ ಆಗ ಕಲಿತೆ. ಅಪ್ಪನಿಗೆ ಮೊದಲ ಒಂದು ವರ್ಷ ಭುಜ ಹಿಡ್ಕೊಂಡಿದೆ, ಫ್ರೋಜನ್ ಶೋಲ್ಡರ್ ಅಂತ ಒಂದು ಕ್ಲಿನಿಕ್ಕಲ್ಲಿ ಶಾಖ ಕೊಡ್ತಿದ್ರು, ಯಾರಿಗೂ ಹೊಳೀಲಿಲ್ಲ. ನನಗೂ ಹೊಳೀಲಿಲ್ಲ, ಹೊಳೀಬೇಕಿತ್ತು, ಯಾಕಂದ್ರೆ ಅಡುಗೆಮನೆ ಕ್ಯಾಲೆಂಡರಲ್ಲಿ ಅಪ್ಪ ದಿನಾ ಹಾಲಿನ ಲೆಕ್ಕ ಬರೀತಿದ್ರು, ಆಮೇಲೆ ಹಳೇ ಕ್ಯಾಲೆಂಡರ್ ತೆಗೆದು ನೋಡಿದ್ರೆ ಜನವರೀಲಿ ಚೌಕ ತುಂಬೋ ಅಂಕಿ, ಜುಲೈಗೆ ಅರ್ಧ, ಡಿಸೆಂಬರಿಗೆ ಇರುವೆ ಸಾಲು. ಅಕ್ಷರ ಚಿಕ್ಕದಾಗೋದೂ ಈ ಕಾಯಿಲೆ ಗುರುತು. ಗೋಡೆ ಮೇಲೇ ನೇತಾಡ್ತಿತ್ತು.

ಆ ತಾತನಿಗೆ ಪಾರ್ಕಿನ್ಸನ್ ಇತ್ತು ಅಂತ ನಾನು ಹೇಳ್ತಿಲ್ಲ, ಪರೀಕ್ಷೆ ಮಾಡ್ದೆ ಹಾಗೆ ಹೇಳಬಾರದು. ಆದ್ರೆ ನಾನು ಆ ಬೆಂಚಿನ ಹತ್ರ ನಿಂತಿದ್ದ ಕಾಲದಲ್ಲೇ ಪ್ರಪಂಚದ ಬೇರೆ ಮೂಲೇಲಿ ಕೆಲವರು ಇದೇ ದೃಶ್ಯವನ್ನ ನೋಡಿ, ಮುಂದಿನ ಸ್ಲೈಡಿಗೆ ಹೋಗದೆ ನಿಂತ್ಕೊಂಡಿದ್ರು.

1996ರಲ್ಲಿ ಇಸ್ರೇಲಿನ ಆರಿ ಜಿಮ್ರಾನ್ ಮತ್ತೆ ಅವರ ಜೊತೆಗಾರರು ಆರು ಜನ ಗೋಷೆ ರೋಗಿಗಳ ಬಗ್ಗೆ ಬರೆದ್ರು, ಆರೂ ಜನಕ್ಕೆ ಪಾರ್ಕಿನ್ಸನ್ ಥರದ ಲಕ್ಷಣ, ಅದೂ ಚಿಕ್ಕ ವಯಸ್ಸಲ್ಲೇ. ಯೆಹೂದಿಗಳಲ್ಲಿ ಅಶ್ಕೆನಾಜಿ ಅನ್ನೋ ಸಮುದಾಯ ಇದೆ, ಅವರಲ್ಲಿ ಗೋಷೆ ಜಾಸ್ತಿ, ಹದಿನೈದು ಇಪ್ಪತ್ತು ಜನಕ್ಕೆ ಒಬ್ಬ ವಾಹಕ ಇರ್ತಾನೆ, ಹಾಗಾಗಿ ಅಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಸಹಜ. ಆರು ಜನ ಅಂದ್ರೆ ಕಾಕತಾಳೀಯ ಅಂತ ತಳ್ಳಿಹಾಕಬಹುದಿತ್ತು. ಅಮೆರಿಕದ ಎನ್‌ಐಎಚ್‌ನಲ್ಲಿ ಎಲೆನ್ ಸಿಡ್ರಾನ್‌ಸ್ಕಿ ಅಂತ ಒಬ್ಬ ಡಾಕ್ಟರ್, ಅವರು ಮಕ್ಕಳ ಡಾಕ್ಟರಾಗಿ ಟ್ರೇನ್ ಆದೋರು, ಗೋಷೆ ಮೇಲೆ ಕೆಲಸ ಮಾಡ್ತಿದ್ದೋರು, ಅವರ ತಂಡ ತಳ್ಳಿಹಾಕಲಿಲ್ಲ. ಅವರು ರೋಗಿಗಳ ಮನೆಯವರ ಬಗ್ಗೆ ಕೇಳೋಕೆ ಶುರು ಮಾಡಿದ್ರು. ಗೋಷೆ ಇರೋರ ತಂದೆತಾಯಿ, ಅಜ್ಜ ಅಜ್ಜಿ, ಅಂದ್ರೆ ವಾಹಕರು, ಏನೂ ಆಗಲ್ಲ ಅಂತ ಪುಸ್ತಕ ಹೇಳಿದ್ದ ಜನ, ಅವರಲ್ಲೇ ಕೆಲವರಿಗೆ ಕೈನಡುಕ, ಮೈ ಬಿಗಿತ. 2004ರಲ್ಲಿ ಇದನ್ನ ಪ್ರಕಟ ಮಾಡಿದ್ರು.

ಅದೇ ವರ್ಷ ಇನ್ನೊಂದು ಕೆಲಸ ಮಾಡಿದ್ರು, ನನಗೆ ಇದು ತುಂಬಾ ಇಷ್ಟ. ಪಾರ್ಕಿನ್ಸನ್ ಇದ್ದು ತೀರ್ಕೊಂಡೋರು ದಾನ ಕೊಟ್ಟಿದ್ದ ಮೆದುಳಿನ ಸ್ಯಾಂಪಲ್ 57 ತಗೊಂಡು ಅದರಲ್ಲಿ ಜಿಬಿಎ1 ಜೀನನ್ನ ಪೂರ್ತಿ ಓದಿದ್ರು. ಇವರು ಯಾರೂ ಗೋಷೆ ರೋಗಿಗಳು ಅಂತ ದಾಖಲಾದೋರಲ್ಲ, ಮಾಮೂಲಿ ಪಾರ್ಕಿನ್ಸನ್ ಅಂತ ಬದುಕಿ ಹೋದ ಜನ. 57ರಲ್ಲಿ 12 ಮಂದೀಲಿ ಆ ಜೀನ್ ಬದಲಾಗಿತ್ತು. ಅದೇ ಹೊತ್ತಿಗೆ ಇಸ್ರೇಲಿನ ಹೈಫಾದಲ್ಲಿ ಇನ್ನೊಂದು ತಂಡ 99 ಜನ ಅಶ್ಕೆನಾಜಿ ಪಾರ್ಕಿನ್ಸನ್ ರೋಗಿಗಳನ್ನ ನೋಡಿದ್ರೆ 31 ಜನರಲ್ಲಿ ಸಿಕ್ತು. ಆಮೇಲೂ ಅನುಮಾನ ಪಡೋರಿದ್ರು, ಪಡ್ಲೇಬೇಕು, ವಿಜ್ಞಾನ ನಡೆಯೋದೇ ಹಾಗೆ. ಹಾಗಾಗಿ 16 ಸೆಂಟರ್‌ಗಳು ಒಟ್ಟಿಗೆ ಸೇರಿ 5,691 ಪಾರ್ಕಿನ್ಸನ್ ರೋಗಿಗಳು, 4,898 ಕಾಯಿಲೆ ಇಲ್ಲದೋರು, ಎರಡು ಗುಂಪನ್ನೂ ಹೋಲಿಸಿ ನೋಡಿದ್ರು. 2009ರಲ್ಲಿ ಫಲಿತಾಂಶ ಬಂತು. ಪಾರ್ಕಿನ್ಸನ್ ಇರೋರಲ್ಲಿ ಜಿಬಿಎ1 ಬದಲಾವಣೆ ಸಿಗೋ ಸಂಭವ ಇಲ್ಲದೋರಿಗಿಂತ ಐದು ಪಟ್ಟಿಗೂ ಜಾಸ್ತಿ. ಬದಲಾವಣೆ ಇರೋರಿಗೆ ಕಾಯಿಲೆ ಸ್ವಲ್ಪ ಮುಂಚೆನೂ ಶುರುವಾಗುತ್ತೆ. ಅಲ್ಲಿಂದ ಈಚೆಗೆ ವಾದ ಮುಗೀತು ಅಂತಾನೇ ಹೇಳ್ಬಹುದು, ಪಾರ್ಕಿನ್ಸನ್ನಿಗೆ ಇರೋ ಜೀನ್ ಸಂಬಂಧದ ರಿಸ್ಕ್‌ಗಳಲ್ಲಿ ಪ್ರಪಂಚದಾದ್ಯಂತ ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣೋದು ಇದೇ.

ಇಲ್ಲಿ ಒಂದು ನಿಮಿಷ ನಿಲ್ತೀನಿ, ಯಾಕಂದ್ರೆ ಐದು ಪಟ್ಟು ಅಂದ ತಕ್ಷಣ ಮುಂದಿನ ಸಾಲಲ್ಲಿ ಕೂತಿರೋ ಅಮ್ಮ ಎದೆ ಮೇಲೆ ಕೈ ಇಟ್ಕೊಂಡ್ರು. ದಯವಿಟ್ಟು ಕೇಳಿ. ವಾಹಕರಲ್ಲಿ ಹೆಚ್ಚಿನ ಜನಕ್ಕೆ ಜೀವಮಾನದಲ್ಲಿ ಪಾರ್ಕಿನ್ಸನ್ ಬರೋದೇ ಇಲ್ಲ. 80 ವರ್ಷ ಆಗೋ ಹೊತ್ತಿಗೆ ವಾಹಕರಲ್ಲಿ ಎಷ್ಟು ಜನಕ್ಕೆ ಬರುತ್ತೆ ಅಂತ ಬೇರೆ ಬೇರೆ ಅಧ್ಯಯನ ಇದೆ, ನೂರಕ್ಕೆ ಏಳೆಂಟು ಅನ್ನೋದ್ರಿಂದ ಮೂವತ್ತರವರೆಗೂ ಇದೆ. ಮೊದಲೇ ಪಾರ್ಕಿನ್ಸನ್ ತುಂಬಿರೋ ಮನೆತನಗಳನ್ನ ಆರಿಸ್ಕೊಂಡಿದ್ರೆ ಲೆಕ್ಕ ಮೇಲೆ ಹೋಗುತ್ತೆ, ಸಾಮಾನ್ಯ ವಾಹಕರನ್ನ ನೋಡಿದ್ರೆ ಕೆಳಗೆ ಬರುತ್ತೆ. ಎರಡೂ ಪ್ರತಿ ಕೆಟ್ಟು ಗೋಷೆನೇ ಇರೋರಲ್ಲೂ ಎಲ್ರಿಗೂ ಬರಲ್ಲ. ಇದು ರಿಸ್ಕ್, ಜಾತಕ ಅಲ್ಲ. ಉಳಿದ ಜೀನುಗಳು, ವಯಸ್ಸು, ಇನ್ನೂ ಏನೇನೋ ಸೇರ್ಕೊಂಡು ನಿರ್ಧಾರ ಆಗುತ್ತೆ.

ಹಾಗಾದ್ರೆ ಗುಲ್ಮದಲ್ಲಿ ಕೊಬ್ಬು ಕಟ್ಟೋ ಕಾಯಿಲೆಗೂ ಮೆದುಳಿಗೂ ಏನು ನಂಟು? ಪಾರ್ಕಿನ್ಸನ್ ಬಗ್ಗೆ ಮೊದಲು ಚೊಕ್ಕವಾಗಿ ಬರೆದಿದ್ದು 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್, ನಮ್ಮ ಆಯುರ್ವೇದದಲ್ಲಿ ಕಂಪವಾತ ಅಂತ ಕರೀತಾರೆ. ಮೆದುಳಿನ ಬುಡದ ಹತ್ರ ಕಪ್ಪಗೆ ಕಾಣೋ ಒಂದು ಪಟ್ಟಿ ಇದೆ, ಡೋಪಮಿನ್ ಅನ್ನೋ ರಾಸಾಯನಿಕ ತಯಾರು ಮಾಡೋ ನರಕೋಶಗಳು ಅಲ್ಲಿ ಇರ್ತವೆ, ಅವು ಸಾಯ್ತಾ ಹೋದ ಹಾಗೆ ಚಲನೆ ನಿಧಾನ ಆಗುತ್ತೆ. ಸಾಯೋಕೆ ಮುಂಚೆ ಆ ಕೋಶಗಳ ಒಳಗೆ ಗುಂಡಗಿನ ಉಂಡೆಗಳು ಕಾಣ್ತವೆ, 1912ರಲ್ಲಿ ಫ್ರೆಡ್ರಿಕ್ ಲೂಯಿ ಅನ್ನೋ ಡಾಕ್ಟರು ವರ್ಣಿಸಿದ್ರು, ಲೂಯಿ ಬಾಡಿ ಅಂತಾನೇ ಹೆಸರಾಯ್ತು. ಆ ಉಂಡೆ ಯಾವುದರಿಂದ ಆಗಿದೆ ಅಂತ ಗೊತ್ತಾಗಿದ್ದು 1997ರಲ್ಲಿ, ಆಲ್ಫಾ ಸೈನ್ಯೂಕ್ಲಿನ್ ಅನ್ನೋ ಪ್ರೋಟೀನ್. ಎಲ್ಲರ ಮೆದುಳಲ್ಲೂ ಇರೋ ಪ್ರೋಟೀನ್ ಅದು, ಕೆಲಸ ಮುಗಿದ ಮೇಲೆ ಕರಗಬೇಕು. ಎಲ್ಲಿ ಕರಗಬೇಕು? ಅದೇ ತಿಪ್ಪೇಲಿ, ಲೈಸೋಸೋಮಲ್ಲಿ.

ಈಗ ನೋಡಿ ಗಂಟು ಎಲ್ಲಿ ಬಿಗಿಯಾಗುತ್ತೆ ಅಂತ. ಜಿಬಿಎ1 ಒಂದು ಪ್ರತಿ ಕೆಟ್ಟಿದ್ರೂ ತಿಪ್ಪೆ ಸ್ವಲ್ಪ ಮಂದ ಆಗುತ್ತೆ, ಕರಗದ ಕೊಬ್ಬು ಸೈನ್ಯೂಕ್ಲಿನ್‌ಗೆ ಅಂಟ್ಕೊಂಡು ಉಂಡೆ ಕಟ್ಟೋಕೆ ಅನುಕೂಲ ಮಾಡ್ಕೊಡುತ್ತೆ. ಆ ಉಂಡೆಗಳು ಸುಮ್ನೆ ಕೂರಲ್ಲ, ಕೋಶದ ಇನ್ನೊಂದು ಕಡೆ ಹೊಸದಾಗಿ ತಯಾರಾದ ಎನ್‌ಜೈಮ್ ತಿಪ್ಪೆಗೆ ಬರೋ ದಾರೀನೇ ಅಡ್ಡಗಟ್ಟುತ್ತವೆ. ಎನ್‌ಜೈಮ್ ಇನ್ನೂ ಕಮ್ಮಿ, ಉಂಡೆ ಇನ್ನೂ ಜಾಸ್ತಿ. ತಿಪ್ಪೆ ತುಂಬಿ ಗಾಡಿದಾರಿಗೇ ಬಿದ್ದಿದೆ, ಗಾಡಿ ಬರೋ ಹಾಗಿಲ್ಲ, ಗಾಡಿ ಬರದೇ ತಿಪ್ಪೆ ಖಾಲಿ ಆಗಲ್ಲ. 2011ರಲ್ಲಿ ಈ ಸುತ್ತನ್ನ ಪ್ರಯೋಗದಲ್ಲಿ ತೋರಿಸಿದ್ರು. ಇದು ವರ್ಷಾನುಗಟ್ಟಲೆ ನಿಧಾನವಾಗಿ ನಡೆಯೋದು, ಅದಕ್ಕೇ ಮಗುವಿಗೆ ಅಲ್ಲ ತಾತನಿಗೆ. ಗುಲ್ಮದ ಕೋಶ ಸತ್ತರೆ ಹೊಸದು ಹುಟ್ಟುತ್ತೆ, ಮೆದುಳಿನ ಆ ನರಕೋಶ ಮತ್ತೆ ಹುಟ್ಟಲ್ಲ, ಎಪ್ಪತ್ತು ವರ್ಷ ಅದೇ ತಿಪ್ಪೆ ಇಟ್ಕೊಂಡು ಬಾಳಬೇಕು.

ಔಷಧಿ ವಿಷಯಕ್ಕೆ ಬರೋಣ. ಗೋಷೆಗೆ 1991ರಲ್ಲಿ ಅಮೆರಿಕದಲ್ಲಿ ಎನ್‌ಜೈಮನ್ನೇ ಡ್ರಿಪ್ಪಲ್ಲಿ ಕೊಡೋ ಚಿಕಿತ್ಸೆಗೆ ಒಪ್ಪಿಗೆ ಸಿಕ್ತು, ಮೊದಲು ಹೆರಿಗೆ ಆದ ಮೇಲಿನ ಮಾಸು ರಾಶಿ ರಾಶಿ ಸಂಗ್ರಹಿಸಿ ಅದರಿಂದ ತೆಗೀತಿದ್ರು, ಆಮೇಲೆ ಜೀವಕೋಶ ಬೆಳೆಸಿ ಮಾಡೋಕೆ ಶುರು ಮಾಡಿದ್ರು. ಊದಿದ ಗುಲ್ಮ ಇಳಿಯುತ್ತೆ, ರಕ್ತ ಸರಿಹೋಗುತ್ತೆ, ಮಕ್ಕಳು ಸ್ಕೂಲಿಗೆ ಹೋಗ್ತಾರೆ. ಬೆಲೆ ಮಾತ್ರ ಒಂದು ಸಂಸಾರದ ಕೈಗೆ ನಿಲುಕೋದಲ್ಲ, ತೂಕದ ಮೇಲೆ ಡೋಸ್, ಹುಡುಗ ಬೆಳೆದ ಹಾಗೆ ಖರ್ಚೂ ಬೆಳೆಯುತ್ತೆ. ಕೇಂದ್ರದ 2021ರ ಅಪರೂಪದ ಕಾಯಿಲೆ ನೀತಿ ಪ್ರಕಾರ ಗೊತ್ತುಮಾಡಿರೋ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷದವರೆಗೆ ಸಹಾಯ ಸಿಗುತ್ತೆ, ಬೆಂಗಳೂರಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಆ ಪಟ್ಟೀಲಿದೆ. ಜೀವನಪೂರ್ತಿ ಬೇಕಾದ ಔಷಧಿಗೆ 50 ಲಕ್ಷ ಎಷ್ಟು ದಿನ ಬರುತ್ತೆ ಅಂತ ಆ ತಾಯಂದಿರಿಗೆ ಗೊತ್ತು. ಇದು ಸಾಲದು, ಇದನ್ನ ಗಟ್ಟಿಯಾಗೇ ಹೇಳ್ತೀನಿ.

ಸರಿ, ಆ ಡ್ರಿಪ್ಪನ್ನೇ ಪಾರ್ಕಿನ್ಸನ್ ಇರೋರಿಗೆ ಕೊಡಬಹುದಲ್ಲ? ಕೊಟ್ರೂ ಪ್ರಯೋಜನ ಇಲ್ಲ, ಆ ಎನ್‌ಜೈಮ್ ದೊಡ್ಡ ಅಣು, ರಕ್ತದಿಂದ ಮೆದುಳಿಗೆ ಹೋಗೋ ತಡೆಗೋಡೆ ದಾಟಲ್ಲ. ಗೋಡೆ ದಾಟೋ ಮಾತ್ರೆ ಒಂದು ಬಂತು, ವೆಂಗ್ಲುಸ್ಟಾಟ್ ಅಂತ, ಆ ಕೊಬ್ಬು ತಯಾರಾಗೋದನ್ನೇ ಕಮ್ಮಿ ಮಾಡೋದು, ತುಂಬಾ ಆಸೆ ಇತ್ತು, ಜಿಬಿಎ1 ಬದಲಾವಣೆ ಇರೋ 221 ಪಾರ್ಕಿನ್ಸನ್ ರೋಗಿಗಳ ಮೇಲೆ ಟ್ರಯಲ್ ಮಾಡಿದ್ರು, ಉಪಯೋಗ ಆಗ್ಲಿಲ್ಲ, 2021ರಲ್ಲಿ ನಿಲ್ಲಿಸಿದ್ರು.

ಇನ್ನೊಂದರ ಕಥೆ ನಮ್ಮ ಹಿತ್ತಲಿಂದ ಶುರುವಾಗುತ್ತೆ. ಆಡುಸೋಗೆ ಗೊತ್ತಲ್ಲ ಎಲ್ರಿಗೂ, ಬೇಲಿ ಸಾಲಲ್ಲಿ ಬಿಳೀ ಹೂ ಬಿಡುತ್ತೆ, ಕೆಮ್ಮು ಬಂದ್ರೆ ಎಲೆ ಕುದಿಸಿ ಜೇನು ಹಾಕಿ ಕುಡಿಸ್ತಿದ್ರು, ಕಹಿ ಅಂದ್ರೆ ಕಹಿ. ಅದರಲ್ಲಿರೋ ವ್ಯಾಸಿಸಿನ್ ಅನ್ನೋ ಅಂಶದ ಮಾದರೀಲಿ ಬ್ರೋಮ್‌ಹೆಕ್ಸಿನ್ ಅನ್ನೋ ಕಫದ ಔಷಧಿ ಮಾಡಿದ್ರು, ಅದು ದೇಹದಲ್ಲಿ ಮಾರ್ಪಾಡಾಗಿ ಬರೋದೇ ಆಂಬ್ರಾಕ್ಸಾಲ್, ಮೆಡಿಕಲ್ ಶಾಪಲ್ಲಿ ಸಿಗೋ ಎಷ್ಟೋ ಕೆಮ್ಮಿನ ಸಿರಪ್ಪಲ್ಲಿ ಇದೆ. 2009ರಲ್ಲಿ ಕೆನಡಾದ ವಿಜ್ಞಾನಿಗಳು ಈಗಾಗ್ಲೇ ಬಳಕೇಲಿರೋ ಸಾವಿರ ಔಷಧಿ ಸಾಲಾಗಿ ಇಟ್ಟು ಯಾವುದು ಗೋಷೆ ಎನ್‌ಜೈಮಿಗೆ ಸಹಾಯ ಮಾಡುತ್ತೆ ಅಂತ ಹುಡುಕಿದಾಗ ಸಿಕ್ಕಿದ್ದು ಇದು. ಸೊಟ್ಟಗೆ ಮಡಚ್ಕೊಂಡಿರೋ ಎನ್‌ಜೈಮನ್ನ ಕೈಹಿಡಿದು ನೆಟ್ಟಗೆ ಮಾಡಿ ತಿಪ್ಪೆಗೆ ತಲುಪಿಸುತ್ತೆ, ಅಜ್ಜಿ ಮಗು ಕೈಹಿಡಿದು ರಸ್ತೆ ದಾಟಿಸಿದ ಹಾಗೆ. ಮೆದುಳಿಗೂ ಹೋಗುತ್ತೆ. 2020ರಲ್ಲಿ ಲಂಡನ್ನಿನ ಆಂಟನಿ ಶಾಪಿರಾ ಅವರ ತಂಡ 17 ಪಾರ್ಕಿನ್ಸನ್ ರೋಗಿಗಳಿಗೆ ಆರು ತಿಂಗಳು ಕೊಟ್ಟು ನೋಡಿದ್ದನ್ನ ಪ್ರಕಟ ಮಾಡಿದ್ರು, ಬೆನ್ನುಹುರಿ ನೀರಲ್ಲಿ ಔಷಧಿ ಸಿಕ್ತು, ಜನ ತಡ್ಕೊಂಡ್ರು. ಆದ್ರೆ ಅದರಲ್ಲಿ ಹೋಲಿಸೋಕೆ ಪ್ಲಸೀಬೋ ಗುಂಪು, ಅಂದ್ರೆ ಔಷಧಿ ಇಲ್ಲದ ಹುಸಿ ಮಾತ್ರೆ ತಗೊಳ್ಳೋ ಗುಂಪು, ಇರ್ಲಿಲ್ಲ, ಹಾಗಾಗಿ ವಾಸಿ ಆಯ್ತು ಅಂತ ಹೇಳೋ ಹಾಗಿಲ್ಲ. ಈಗ ಬ್ರಿಟನ್ನಲ್ಲಿ 330 ಜನರ ಮೇಲೆ ದೊಡ್ಡ ಟ್ರಯಲ್ ಹಾಕ್ಕೊಂಡಿದ್ದಾರೆ.

ಇದನ್ನ ಕೇಳಿ ಯಾರೂ ಮನೆಗೆ ಹೋಗಿ ಸಿರಪ್ ಕುಡಿಯೋಕೆ ಶುರು ಮಾಡಬೇಡಿ, ಕೈ ಮುಗೀತೀನಿ. ಆ ಟ್ರಯಲ್ಲಿನ ಡೋಸ್ ದಿನಕ್ಕೆ 1,260 ಮಿಲಿಗ್ರಾಂ, 30 ಮಿಲಿಗ್ರಾಂ ಮಾತ್ರೆ ಲೆಕ್ಕದಲ್ಲಿ 42 ಮಾತ್ರೆ, ಕೆಮ್ಮಿಗೆ ಕೊಡೋದರ ಹತ್ತು ಪಟ್ಟಿಗೂ ಜಾಸ್ತಿ, ಅದೂ ಡಾಕ್ಟರ್ ಕಣ್ಣೆದುರಲ್ಲಿ. ನಮ್ಮಲ್ಲಿ ಸಿಗೋ ಸಿರಪ್ಪಲ್ಲಿ ಆಂಬ್ರಾಕ್ಸಾಲ್ ಜೊತೆಗೆ ಟರ್ಬ್ಯುಟಲಿನ್, ಸಾಲ್ಬ್ಯುಟಮಾಲ್ ಥರದ್ದೂ ಸೇರಿಸಿರ್ತಾರೆ, ಅವು ಕೈನಡುಕ ಜಾಸ್ತಿ ಮಾಡ್ತವೆ. ಬಾಟಲಿ ಹಿಂದಿನ ಚೀಟಿ ಓದಿ ನೋಡಿ. ಆಡುಸೋಗೆ ಕಷಾಯ ಕುಡಿದ್ರೆ ಆಂಬ್ರಾಕ್ಸಾಲ್ ಆಗಲ್ಲ, ಅದು ಬೇರೆ ಇದು ಬೇರೆ. ನಸುಗುನ್ನಿ ಬೀಜದ ವಿಷಯದಲ್ಲೂ ಅಷ್ಟೇ, ಅದರಲ್ಲಿ ಲೀವೋಡೋಪಾ ನಿಜವಾಗ್ಲೂ ಇದೆ, 1937ರಲ್ಲೇ ಮದ್ರಾಸಿನ ದಾಮೋದರನ್, ರಾಮಸ್ವಾಮಿ ಅನ್ನೋ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ರು, ಅಪ್ಪ ತಗೊಳ್ಳೋ ಮಾತ್ರೆಯಲ್ಲಿರೋದೂ ಲೀವೋಡೋಪಾನೇ, ಆದ್ರೆ ಮಾತ್ರೆ ಜೊತೆ ಪುಡೀನೂ ಸೇರಿಸಿದ್ರೆ ಡೋಸ್ ಲೆಕ್ಕ ತಪ್ಪುತ್ತೆ. ಡಾಕ್ಟರಿಗೆ ಹೇಳದೇ ತಗೋಬೇಡಿ.

ಟೆಸ್ಟ್ ಮಾಡಿಸಬೇಕಾ ಅಂತ ಕೇಳ್ತೀರ. ಅಪ್ಪನಿಗೆ ಮಾಡಿಸಿದ್ವಿ, ಜಿಬಿಎ1ನಲ್ಲಿ ಏನೂ ಸಿಗ್ಲಿಲ್ಲ. ಹಾಗಂತ ಅಪ್ಪನ ಕಾಯಿಲೇಲಿ ಒಂದು ಮಾತ್ರೇನೂ ಕಮ್ಮಿ ಆಗ್ಲಿಲ್ಲ. ಇವತ್ತಿನ ಮಟ್ಟಿಗೆ ಚಿಕಿತ್ಸೆ ಬಹುತೇಕ ಅದೇ ಇರುತ್ತೆ, ಜಿಬಿಎ1 ಬದಲಾವಣೆ ಇರೋರಲ್ಲಿ ಮರೆವು, ಬುದ್ಧಿ ಮಂಕಾಗೋದು ಸ್ವಲ್ಪ ಬೇಗ ಬರಬಹುದು ಅನ್ನೋದು ಡಾಕ್ಟರಿಗೆ ಮುಂದಿನ ಯೋಚನೆಗೆ, ಮೆದುಳಿಗೆ ವೈರ್ ಹಾಕೋ ಆಪರೇಷನ್ ಬೇಕಾ ಬೇಡವಾ ಅಂತ ನಿರ್ಧಾರ ಮಾಡೋಕೆ ಉಪಯೋಗ. ಚಿಕ್ಕ ವಯಸ್ಸಲ್ಲಿ ಶುರುವಾಗಿದ್ರೆ, ಮನೇಲಿ ಹಲವರಿಗೆ ಇದ್ರೆ, ಗೋಷೆ ಮಗು ಇದ್ರೆ, ಜೆನೆಟಿಕ್ ಕೌನ್ಸೆಲರ್ ಹತ್ರ ಕೂತು ಮಾತಾಡಿ ಆಮೇಲೆ ಮಾಡಿಸಿ. ಲ್ಯಾಬ್ ಕೆಲಸ ಮಾಡಿದೋಳಾಗಿ ಇನ್ನೊಂದು ಹೇಳ್ತೀನಿ, ಈ ಜೀನಿನ ಪಕ್ಕದಲ್ಲೇ ಅದರದ್ದೇ ನಕಲಿನಂಥ ಇನ್ನೊಂದು ತುಂಡಿದೆ, ಅಕ್ಷರಗಳು ನೂರಕ್ಕೆ 96ರಷ್ಟು ಒಂದೇ, ಅದು ಕೆಲಸ ಮಾಡೋ ಜೀನಲ್ಲ. ಅವಸರದಲ್ಲಿ ಓದಿದ್ರೆ ಇದನ್ನ ಅದು, ಅದನ್ನ ಇದು ಅಂದ್ಕೊಳ್ಳೋ ಅಪಾಯ ಇದೆ. ಟೆಸ್ಟ್ ಬರೆದುಕೊಟ್ಟಾಗ ಜಿಬಿಎ1ನ್ನ ಪ್ರತ್ಯೇಕವಾಗಿ ನೋಡ್ತಾರಾ ಅಂತ ಕೇಳಿ.

ಮತ್ತೆ ಎಲ್ಲರ ಜಿಬಿಎ1 ಒಂದೇ ಥರ ಕೆಡಲ್ಲ. ಅಶ್ಕೆನಾಜಿಗಳಲ್ಲಿ ಎನ್370ಎಸ್ ಅನ್ನೋ ಬದಲಾವಣೆ ಸಾಮಾನ್ಯ, ನಮ್ಮ ದೇಶದ ಗೋಷೆ ಮಕ್ಕಳಲ್ಲಿ ಎಲ್444ಪಿ ಅನ್ನೋದು ಹೆಚ್ಚು, ಅದು ಇನ್ನೂ ಕಟುವಾದದ್ದು. 2023ರಲ್ಲಿ ನೈಜೀರಿಯಾದ ಪಾರ್ಕಿನ್ಸನ್ ರೋಗಿಗಳನ್ನ ನೋಡಿದಾಗ ಯುರೋಪಿನವರಲ್ಲಿ ಯಾರೂ ಗಮನಿಸದೇ ಇದ್ದ ಬೇರೊಂದು ಬದಲಾವಣೆ ಸಿಕ್ತು, ಅಲ್ಲಿ ತುಂಬಾ ಜನರಲ್ಲಿದೆ. ಅಲ್ಲಿನವರನ್ನ ಕೇಳೋವರೆಗೂ ಅದು ಯಾರಿಗೂ ಕಾಣಲಿಲ್ಲ. ನಮ್ಮ ಜನರ ರಕ್ತ, ನಮ್ಮ ಮನೆತನಗಳ ಕಥೆ ಅಧ್ಯಯನಕ್ಕೆ ಸೇರದಿದ್ರೆ ನಮ್ಮಲ್ಲಿ ಏನಿದೆ ಅಂತ ಲಂಡನ್ನಲ್ಲಿ ಕೂತೋರು ಹೇಗೆ ಹೇಳ್ತಾರೆ? ನಿಮ್ಹಾನ್ಸಲ್ಲೋ ಇನ್ನೆಲ್ಲೋ ಡಾಕ್ಟರು ಅಧ್ಯಯನಕ್ಕೆ ರಕ್ತ ಕೊಡ್ತೀರಾ ಅಂತ ಕೇಳಿದ್ರೆ, ವಿವರ ಪೂರ್ತಿ ಕೇಳಿ ತಿಳ್ಕೊಂಡು, ಮನಸ್ಸು ಒಪ್ಪಿದ್ರೆ ಕೊಡಿ.

ಕೊನೇದಾಗಿ ಆ ಬೆಂಚಿಗೆ ವಾಪಸ್ ಬರ್ತೀನಿ. ನಮ್ಮ ಲ್ಯಾಬಿನ ಫಾರಂ ಮೇಲೆ ಹೆಸರು, ವಯಸ್ಸು, ವಾರ್ಡು, ಏನು ಟೆಸ್ಟು ಅಂತ ಇತ್ತು, ಮನೇಲಿ ಬೇರೆ ಯಾರಿಗೆ ಏನಿದೆ ಅಂತ ಬರೆಯೋಕೆ ಒಂದು ಗೆರೆ ಜಾಗ ಇರ್ಲಿಲ್ಲ. ಮಗು ಮಕ್ಕಳ ವಾರ್ಡಿಗೆ ಹೋಗುತ್ತೆ, ತಾತ ಹೋದ್ರೆ ನ್ಯೂರೋಗೆ ಹೋಗ್ತಾರೆ, ಎರಡು ಫೈಲು, ಎರಡು ಕಟ್ಟಡ, ಬೇರೆ ಬೇರೆ ದಿನದ ಓಪಿಡಿ. ಎರಡನ್ನೂ ಒಟ್ಟಿಗೆ ನೋಡಿದ್ದು ಆ ಬೆಂಚು ಒಂದೇ. ಹಾಗಾಗಿ ನಿಮ್ಮ ಮನೆಯ ಫಾರಂ ನೀವೇ ಮಾಡ್ಕೊಳ್ಳಿ ಅಂತ ಕೇಳ್ಕೊಂಡೆ, ಎಲ್ರಿಗೂ ಒಂದೊಂದು ಹಾಳೆ ಕೊಟ್ಟೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಮದುವೆಗೆ ಅಡ್ಡಗೆರೆ, ರಕ್ತಸಂಬಂಧದ ಮದುವೆ ಆದ್ರೆ ಎರಡು ಅಡ್ಡಗೆರೆ, ಮಕ್ಕಳಿಗೆ ಕೆಳಗೆ ಗೆರೆ. ಯಾರ ಕೈ ನಡುಗ್ತಿತ್ತು, ಯಾವ ವಯಸ್ಸಲ್ಲಿ, ಯಾವ ಮಗು ಹೊಟ್ಟೆ ಊದಿ ಚಿಕ್ಕದರಲ್ಲೇ ಹೋಯ್ತು, ಎಲ್ಲ ಬರೀರಿ ಅಂದೆ.

ಅರ್ಧ ಗಂಟೆ ಹಾಲಲ್ಲಿ ಪೆನ್ನಿನ ಸದ್ದು, ನಡುವೆ ಗಂಡ ಹೆಂಡ್ತಿ ವಾದ, ನಿಮ್ಮ ಚಿಕ್ಕಪ್ಪಂದು ವಯಸ್ಸಿನ ನಡುಕ, ಅದನ್ಯಾಕೆ ಬರೀತೀರ, ಇಲ್ಲ ಕಣೇ ಐವತ್ತೂ ಆಗಿರ್ಲಿಲ್ಲ. ಹಿಂದಿನ ಸಾಲಲ್ಲಿ ಒಬ್ಬರು ಬ್ಯಾಂಕಿಂದ ರಿಟೈರ್ ಆದೋರು ತಾಯಿ ಕಡೆ ಬಂದು ನಿಂತುಬಿಟ್ರು, ಚೌಕ ಬರೆದು ಒಳಗೆ ಪ್ರಶ್ನೆ ಗುರುತು ಹಾಕಿ ಸುಮಾರು ಹೊತ್ತು ನೋಡ್ತಿದ್ರು. ಕಾಫಿ ಕೊಡೋ ಹೊತ್ತಿಗೆ ಹಾಳೆ ಹಿಡ್ಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಊರಿಗೆ ಫೋನ್ ಹಚ್ಚಿದ್ರು, ಆ ಕಡೆಯವರಿಗೆ ಕಿವಿ ಮಂದ ಇರಬೇಕು, ಜೋರಾಗಿ ಕೇಳ್ತಿದ್ದಿದ್ದು ಒಳಗೂ ಕೇಳಿಸ್ತು: "ಅತ್ತೆ, ದೊಡ್ಡ ಮಾವ ಊಟಕ್ಕೆ ಕೂತಾಗ ಎಡಗೈನ ತೊಡೆ ಕೆಳಗೆ ಇಟ್ಕೋತಿದ್ರಲ್ಲ, ಯಾಕೆ ಅಂತ ನಿಮಗೆ ಯಾವತ್ತಾದ್ರೂ ಹೇಳಿದ್ರಾ?"